ವೇತನ ಚೀಟಿಯಲ್ಲಿ ಇಎಸ್‌ಐ ದಿನಗಳ ಲೆಕ್ಕವೂ ಇರಲಿ

ಮಾನ್ಯ ಸಂಪಾದಕರೇ,

ಕೆಲವು ದಿನಗಳ ಹಿಂದೆ ಇದೇ ಅಂಕಣದಲ್ಲಿ ಓದುಗರೊಬ್ಬರು ಗಾರ್ಮೆಂಟ್ಸ್ ಕಾರ್ಖಾನೆಗಳು ಬಾಗಿಲು ಹಾಕುತ್ತಿರುವುದರ ಬಗ್ಗೆ ಬರೆಯುತ್ತಾ, ನಮ್ಮ ದೇಶದಲ್ಲಿ ಕೆಲಸ ಕಳೆದುಕೊಂಡವರಿಗೆ ಸರ್ಕಾರದ ವಿಮೆಯೇ ಇಲ್ಲ ಎಂದಿದ್ದರು. ಅವರ ಕಳಕಳಿ ದೊಡ್ಡದು. ಆದರೆ ಆ ಮಾತು ಸರಿಯಲ್ಲ. ವಿಮೆ ಇದೆ, 2005ರಿಂದಲೂ ಇದೆ. ಅದು ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮಾ ಯೋಜನೆಯ ಒಳಗೇ ಇದೆ, ಆ ಯೋಜನೆಗೆ ಪ್ರತಿ ತಿಂಗಳೂ ನಮ್ಮ ಸಂಬಳದಲ್ಲಿ ಹಣ ಹಿಡಿಯುತ್ತಾರೆ. ಬೇಕಾದ ಹೊತ್ತಿಗೆ ಆ ಹಣ ಹೆಣ್ಣುಮಕ್ಕಳ ಕೈಗೆ ಏಕೆ ಬರುವುದಿಲ್ಲ ಎಂಬುದು ಬೇರೆಯೇ ವಿಷಯ. ಅದನ್ನು ಹತ್ತಿರದಿಂದ ನೋಡಿದವಳಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾನು ಪೀಣ್ಯ ಎರಡನೇ ಹಂತದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಮೊದಲು ಚೆಕಿಂಗ್ ವಿಭಾಗದಲ್ಲಿ, ಆಮೇಲೆ ನಿವೃತ್ತಿಯವರೆಗೂ ಟೈಮ್ ಆಫೀಸಿನಲ್ಲಿ ಕೆಲಸ ಮಾಡಿದವಳು. ಹಾಜರಿ, ಓವರ್‌ಟೈಮ್, ರಜೆ, ಪಿಎಫ್, ಇಎಸ್‌ಐ ಇವಿಷ್ಟೂ ಟೈಮ್ ಆಫೀಸಿನ ಪಾಲು. ಇಎಸ್‌ಐ ಕಂತನ್ನು ಮುಂದಿನ ತಿಂಗಳ 15ನೇ ತಾರೀಖಿನ ಒಳಗೆ ಕಟ್ಟಬೇಕು. ಅದರ ಜೊತೆಗೆ ಹೋಗುವ ಪಟ್ಟಿಯಲ್ಲಿ ಪ್ರತಿ ಕಾರ್ಮಿಕರ ವಿಮಾ ಸಂಖ್ಯೆ, ಎಷ್ಟು ದಿನಕ್ಕೆ ಸಂಬಳ ಕೊಟ್ಟಿದ್ದೇವೆ, ಎಷ್ಟು ಕೊಟ್ಟಿದ್ದೇವೆ ಎಂದು ತುಂಬಬೇಕು. ಯಾರಿಗಾದರೂ ಆ ತಿಂಗಳು ಒಂದು ದಿನದ ಸಂಬಳವೂ ಇಲ್ಲದಿದ್ದರೆ ಅದಕ್ಕೆ ಕಾರಣವನ್ನು ಒಂದು ಸಂಕೇತ ಸಂಖ್ಯೆಯಲ್ಲಿ ಹಾಕಬೇಕು. ಈಗ ಹೆಗ್ಗನಹಳ್ಳಿಯ ಮನೆಯಲ್ಲಿದ್ದೇನೆ. ನಮ್ಮ ಸುತ್ತಲ ಬೀದಿಗಳಲ್ಲಿ ಗಾರ್ಮೆಂಟ್ಸಿಗೆ ಹೋಗುವವರಿಲ್ಲದ ಮನೆ ಕಡಿಮೆ. ಭಾನುವಾರ ಬೆಳಿಗ್ಗೆ ಬಟ್ಟೆ ಒಗೆದು ಮುಗಿಸಿ, ಇಎಸ್‌ಐ ಕಾರ್ಡು, ಸಂಬಳದ ಚೀಟಿ ಹಿಡಿದು ಹೆಣ್ಣುಮಕ್ಕಳು ಬರುತ್ತಾರೆ. ‘ಅಕ್ಕ, ನನಗೆ ಏನಾದರೂ ಬರುತ್ತದೆಯೇ, ಸ್ವಲ್ಪ ನೋಡಿ’ ಎನ್ನುತ್ತಾರೆ.

ಅವರಲ್ಲಿ ಹೆಚ್ಚಿನವರಿಗೆ ಇಎಸ್‌ಐ ಎಂದರೆ ಆಸ್ಪತ್ರೆ. ರಾಜಾಜಿನಗರದ ಉದ್ದನೆಯ ಸಾಲು, ಡಿಸ್ಪೆನ್ಸರಿಯ ಮಾತ್ರೆ. ಚಿಕಿತ್ಸೆ ದೊಡ್ಡ ವಿಷಯವೇ, ಅದನ್ನು ನಾನು ಸಣ್ಣದು ಮಾಡುವುದಿಲ್ಲ. ಐದು ವರ್ಷ ವಿಮೆಯಲ್ಲಿದ್ದು ವಯಸ್ಸಾಗಿ ನಿವೃತ್ತರಾದವರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ ಗಂಡ ಹೆಂಡತಿ ಇಬ್ಬರಿಗೂ ಚಿಕಿತ್ಸೆ ಮುಂದುವರಿಯುತ್ತದೆ. ನಮ್ಮ ಯಜಮಾನರ ಸಕ್ಕರೆ ಕಾಯಿಲೆಯ ಔಷಧಿ ಹಾಗೆಯೇ ಬರುತ್ತಿದೆ. ಆದರೆ 1948ರ ಕಾಯ್ದೆ ಹುಟ್ಟಿದ್ದು ಆಸ್ಪತ್ರೆಗಾಗಿ ಮಾತ್ರ ಅಲ್ಲ. ದುಡಿಯುವ ಕೈ ನಿಂತಾಗ ಮನೆಗೆ ಬರುವ ಸಂಬಳ ಪೂರ್ತಿ ನಿಲ್ಲಬಾರದು ಎಂಬುದು ಅದರ ಜೀವಾಳ. ಆ ನಗದಿನ ಭಾಗವೇ ನಮ್ಮವರಿಗೆ ಗೊತ್ತಿಲ್ಲ.

ನಮ್ಮ ವಠಾರದ ಹೆಣ್ಣುಮಗಳೊಬ್ಬಳ ವಿಷಯ ಹೇಳುತ್ತೇನೆ. ಹನ್ನೆರಡು ವರ್ಷ ಒಂದೇ ಕಾರ್ಖಾನೆಯಲ್ಲಿ ಟೈಲರ್ ಆಗಿದ್ದಳು. ದಿನಕ್ಕೆ 500 ರೂಪಾಯಿಯಂತೆ 26 ದಿನಕ್ಕೆ 13,000 ರೂಪಾಯಿ ಸಂಬಳ. ಆರ್ಡರ್ ಇಲ್ಲವೆಂದು ಆಡಳಿತದವರು ಕಾರ್ಖಾನೆ ಮುಚ್ಚಲು ತೀರ್ಮಾನಿಸಿದರು. ಒಂದೊಂದು ಲೈನಿನವರನ್ನೇ ಎಚ್‌ಆರ್ ಕೋಣೆಗೆ ಕರೆದು, ‘ಇದಕ್ಕೆ ಸಹಿ ಹಾಕಿದರೆ ಸೆಟ್ಲ್‌ಮೆಂಟ್ ಬೇಗ ಆಗುತ್ತದೆ’ ಎಂದು ಮೊದಲೇ ಅಚ್ಚು ಹಾಕಿಸಿದ ಹಾಳೆಯೊಂದನ್ನು ಕೊಟ್ಟರು. ‘ನನ್ನ ಸ್ವಂತ ಕಾರಣಗಳಿಂದ ಕೆಲಸಕ್ಕೆ ರಾಜೀನಾಮೆ ಕೊಡುತ್ತಿದ್ದೇನೆ’ ಎಂದು ಅದರಲ್ಲಿತ್ತು. ಮಗನ ಕಾಲೇಜು ಶುಲ್ಕದ ತಿಂಗಳು ಅದು. ಎಲ್ಲರೂ ಹಾಕಿದರು, ಅವಳೂ ಹಾಕಿದಳು. ಗ್ರಾಚ್ಯುಟಿ, ಉಳಿದ ರಜೆಯ ಹಣ, ಬೋನಸ್ ಬಂತು. ಕೈತುಂಬ ಹಣ ಕೊಟ್ಟರಲ್ಲ ಎಂದು ಅವಳಿಗೆ ಅನ್ನಿಸಿತು.

ಆ ಒಂದು ಸಹಿಯಿಂದ ಏನು ಹೋಯಿತು ಎಂದು ನಾನು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಕೆಲಸದಿಂದ ತೆಗೆದರೆ, ಅಂದರೆ ರಿಟ್ರೆಂಚ್‌ಮೆಂಟ್ ಆದರೆ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರವಾಗಿ ಬರಬೇಕು. ಹನ್ನೆರಡು ವರ್ಷಕ್ಕೆ 180 ದಿನ, 90,000 ರೂಪಾಯಿ. ಇದು ಮಾಲೀಕರು ಕೊಡಬೇಕಾದದ್ದು. ಇದರ ಮೇಲೆ ಇಎಸ್‌ಐನಲ್ಲಿ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ ಎಂಬುದೊಂದಿದೆ. 2005ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಾರ್ಖಾನೆ ಮುಚ್ಚಿ ಅಥವಾ ರಿಟ್ರೆಂಚ್‌ಮೆಂಟ್ ಆಗಿ ಕೆಲಸ ಹೋದವರಿಗೆ, ಕೆಲಸಕ್ಕೆ ಸಂಬಂಧವಿಲ್ಲದ ಗಾಯದಿಂದ ಶೇ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವಿಕಲತೆ ಬಂದು ಕೆಲಸ ಬಿಡಬೇಕಾದವರಿಗೆ ಈ ಭತ್ಯೆ. ಮೊದಲ ಹನ್ನೆರಡು ತಿಂಗಳು ಸರಾಸರಿ ದಿನಗೂಲಿಯ ಅರ್ಧ, ಮುಂದಿನ ಹನ್ನೆರಡು ತಿಂಗಳು ಕಾಲು ಭಾಗ. ಅವಳ ಲೆಕ್ಕದಲ್ಲಿ ಮೊದಲ ವರ್ಷ ತಿಂಗಳಿಗೆ ಏಳೂವರೆ ಸಾವಿರದ ಆಸುಪಾಸು, ಎರಡನೇ ವರ್ಷ ಅದರರ್ಧ. ಆ ಭತ್ಯೆ ಬರುವಷ್ಟು ಕಾಲ ಮನೆಯವರೆಲ್ಲರಿಗೂ ಇಎಸ್‌ಐ ಚಿಕಿತ್ಸೆಯೂ ಉಂಟು. ಸ್ವಂತ ಕಾರಣದಿಂದ ರಾಜೀನಾಮೆ ಕೊಟ್ಟವಳಿಗೆ ಇದರಲ್ಲಿ ಒಂದು ಪೈಸೆಯೂ ಇಲ್ಲ. ಏಕೆಂದರೆ ಕಾಗದದ ಪ್ರಕಾರ ಅವಳನ್ನು ಯಾರೂ ತೆಗೆದಿಲ್ಲ.

ನಾನು ಮೇಲೆ ಹೇಳಿದ ಸಂಕೇತ ಸಂಖ್ಯೆ ಇಲ್ಲಿ ಕೆಲಸ ಮಾಡುತ್ತದೆ. ತಿಂಗಳ ಪಟ್ಟಿಯಲ್ಲಿ 2 ಎಂದು ಹಾಕಿದರೆ ‘ಕೆಲಸ ಬಿಟ್ಟಿದ್ದಾರೆ’ ಎಂದು ಅರ್ಥ. 10 ಎಂದು ಹಾಕಿದರೆ ‘ರಿಟ್ರೆಂಚ್‌ಮೆಂಟ್’. ರಾಜೀನಾಮೆ ಪತ್ರ ಕಡತದಲ್ಲಿದ್ದರೆ ಗುಮಾಸ್ತರು ಹಾಕುವುದು 2. ಒಂದು ಸಂಸಾರದ ಎರಡು ವರ್ಷದ ಗತಿಯನ್ನು ತೀರ್ಮಾನಿಸುವ ಆ ಅಂಕಿಯನ್ನು ಅವಳು ಕಣ್ಣಿನಿಂದಲೂ ನೋಡುವುದಿಲ್ಲ.

ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬ ಇನ್ನೊಂದಿದೆ. 2018ರ ಜುಲೈ 1ರಿಂದ ಶುರುವಾದದ್ದು. ಮೊದಲು ಸರಾಸರಿ ದಿನಗೂಲಿಯ ಶೇ 25 ಕೊಡುತ್ತಿದ್ದರು. ಕೊರೊನಾ ಬಂದಾಗ, 2020ರ ಮಾರ್ಚ್ 24ರಿಂದ ಅನ್ವಯವಾಗುವಂತೆ, ಶೇ 50ಕ್ಕೆ ಏರಿಸಿದರು. ಜೀವಮಾನದಲ್ಲಿ ಒಟ್ಟು 90 ದಿನಗಳಿಗೆ ಮಾತ್ರ. 500 ರೂಪಾಯಿ ದಿನಗೂಲಿಯವಳಿಗೆ 22,500 ರೂಪಾಯಿ ಆಯಿತು. ಕೆಲಸ ಹೋಗಿ 30 ದಿನ ಕಳೆದ ಮೇಲೆ ಅರ್ಜಿ ಹಾಕಬಹುದು. ಮಾಲೀಕರ ಮೂಲಕ ಹೋಗಬೇಕಾಗಿಲ್ಲ, ಕಾರ್ಮಿಕರೇ ನೇರವಾಗಿ ಹಾಕಿಕೊಳ್ಳಬಹುದು. ಈ ಅನುಕೂಲ ನನಗೆ ಬಹಳ ಹಿಡಿಸಿತು. ದುರ್ನಡತೆಗೆ ಶಿಕ್ಷೆಯಾಗಿ ತೆಗೆಸಿಕೊಂಡವರಿಗೆ, ನಿವೃತ್ತಿ ವಯಸ್ಸು ತುಂಬಿದವರಿಗೆ, ಸ್ವಯಂ ನಿವೃತ್ತಿ ಪಡೆದವರಿಗೆ ಇದು ಇಲ್ಲ. ಇಲ್ಲಿಯೂ ಆ ಅಚ್ಚು ಹಾಳೆಯ ಸಹಿ ಅಡ್ಡ ಬರುತ್ತದೆ, ತನ್ನನ್ನು ಬಿಡಿಸಿದರು ಎಂದು ಅವಳೇ ವಾದಿಸುತ್ತಾ ನಿಲ್ಲಬೇಕಾಗುತ್ತದೆ. ಯೋಜನೆಯ ಅವಧಿಯನ್ನು ಕಾಲಕಾಲಕ್ಕೆ ವಿಸ್ತರಿಸುತ್ತಾ ಬಂದಿರುವುದರಿಂದ ಅರ್ಜಿ ಹಾಕುವ ಮುಂಚೆ ಹತ್ತಿರದ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಇದಕ್ಕೆ ಅರ್ಹತೆ ಏನು? ಎರಡು ವರ್ಷ ವಿಮೆಯುಳ್ಳ ಕೆಲಸದಲ್ಲಿರಬೇಕು. ಕೆಲಸ ಹೋದದ್ದಕ್ಕೆ ಹಿಂದಿನ ಕಂತಿನ ಅವಧಿಯಲ್ಲಿ ಕನಿಷ್ಠ 78 ದಿನ, ಅದಕ್ಕೂ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ಕಂತು ಬಿದ್ದಿರಬೇಕು. ಈ 78 ಎಂಬ ಸಂಖ್ಯೆ ಇಎಸ್‌ಐಯಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ. ತಿಂಗಳಿಗೆ 26 ದಿನದಂತೆ ಆರು ತಿಂಗಳಿಗೆ 156 ದಿನ, ಅದರರ್ಧ 78. ಕಂತಿನ ಅವಧಿ ಎಂದರೆ ಏಪ್ರಿಲ್ 1ರಿಂದ ಸೆಪ್ಟೆಂಬರ್ 30, ಅಕ್ಟೋಬರ್ 1ರಿಂದ ಮಾರ್ಚ್ 31. ಮೊದಲನೆಯದರಲ್ಲಿ ಕಟ್ಟಿದ ಕಂತಿನ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ, ಎರಡನೆಯದರದು ಜುಲೈಯಿಂದ ಡಿಸೆಂಬರ್‌ವರೆಗೆ. ಜನವರಿಯಲ್ಲಿ ಕಾಮಾಲೆ ಬಂದು ಮಲಗಿದವಳ ಹಕ್ಕು ನಿರ್ಧಾರವಾಗುವುದು ಹಿಂದಿನ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಅವಳ ಹಾಜರಿಯಿಂದ.

ಊರ ಹಬ್ಬ, ಮಕ್ಕಳ ಬೇಸಿಗೆ ರಜೆ, ತವರಿನ ಮದುವೆ ಎಲ್ಲವೂ ಏಪ್ರಿಲ್‌, ಮೇ ತಿಂಗಳಲ್ಲೇ ಬರುತ್ತವೆ. ಸಂಬಳವಿಲ್ಲದ ರಜೆ ಹಾಕಿ ಊರಿಗೆ ಹೋಗುತ್ತಾರೆ. ವಾಪಸ್ ಬಂದಮೇಲೆ ಬೇರೆ ಕಾರ್ಖಾನೆಗೆ ಸೇರುತ್ತಾರೆ, ಅಲ್ಲಿ ಹಳೆಯ ಕಾರ್ಡು ಕೊಡದೆ ಹೊಸ ವಿಮಾ ಸಂಖ್ಯೆ ಮಾಡಿಸುತ್ತಾರೆ. ಹಳೆಯ ಸಂಖ್ಯೆಯಲ್ಲಿ 45 ದಿನ, ಹೊಸದರಲ್ಲಿ 50 ದಿನ. ಎರಡನ್ನೂ ಕೂಡಿದರೆ ಅರ್ಹತೆ ಇದೆ, ಬಿಡಿಬಿಡಿಯಾಗಿ ಎರಡರಲ್ಲೂ ಇಲ್ಲ. ಹೌಸ್‌ಕೀಪಿಂಗ್ ಮತ್ತು ಸೆಕ್ಯೂರಿಟಿ ಕೆಲಸದವರದು ಇನ್ನೂ ಕಷ್ಟ. ನಿಂತ ಜಾಗ ಅದೇ, ಗುತ್ತಿಗೆದಾರರು ಮಾತ್ರ ಬದಲಾಗುತ್ತಾರೆ, ಪ್ರತಿ ಸಲವೂ ಹೊಸ ಸಂಖ್ಯೆ ಹುಟ್ಟುತ್ತದೆ. ಹತ್ತು ಅಂಕಿಯ ಆ ವಿಮಾ ಸಂಖ್ಯೆ ಒಬ್ಬರಿಗೆ ಒಂದೇ ಇರಬೇಕು, ಎಲ್ಲಿ ಸೇರಿದರೂ ಮೊದಲ ದಿನವೇ ಅದನ್ನು ಬರೆಸಬೇಕು ಎಂದು ನನ್ನಲ್ಲಿಗೆ ಬಂದವರಿಗೆಲ್ಲ ಹೇಳುತ್ತೇನೆ. ಗುತ್ತಿಗೆದಾರ ಕಂತು ಕಟ್ಟದಿದ್ದರೆ ಆ ಹೊಣೆ ಕೆಲಸ ಮಾಡಿಸಿಕೊಳ್ಳುವ ಮೂಲ ಮಾಲೀಕರ ಮೇಲೇ ಬರುತ್ತದೆ ಎಂಬುದನ್ನೂ ಹೇಳುತ್ತೇನೆ.

ಯಾರು ಈ ವಿಮೆಗೆ ಒಳಪಡುತ್ತಾರೆ ಎಂಬುದನ್ನೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು, ಅಂಗವಿಕಲರಾದರೆ 25,000ದವರೆಗೆ. ಕಾರ್ಮಿಕರ ಪಾಲು ಶೇ 0.75, ಮಾಲೀಕರದು ಶೇ 3.25. ನಮ್ಮ ಟೈಲರ್‌ಗೆ ತಿಂಗಳಿಗೆ 98 ರೂಪಾಯಿ ಹಿಡಿದರೆ ಮಾಲೀಕರು 423 ರೂಪಾಯಿ ಸೇರಿಸಬೇಕು. ದಿನಕ್ಕೆ ಸರಾಸರಿ 176 ರೂಪಾಯಿವರೆಗೆ ಕೂಲಿ ಇರುವವರು ತಮ್ಮ ಪಾಲು ಕಟ್ಟಬೇಕಾಗಿಲ್ಲ, ಮಾಲೀಕರ ಪಾಲು ಮಾತ್ರ ಬೀಳುತ್ತದೆ. ಓವರ್‌ಟೈಮ್ ಮಾಡಿದರೆ 21,000 ದಾಟಿ ವಿಮೆಯೇ ತಪ್ಪುತ್ತದೆ ಎಂದು ಕೆಲವರು ಹೆದರುತ್ತಾರೆ, ಹೆದರಬೇಕಾಗಿಲ್ಲ. ಮಿತಿ ನೋಡುವಾಗ ಓವರ್‌ಟೈಮ್ ಸೇರಿಸುವುದಿಲ್ಲ. ಸಂಬಳವೇ ನಡುವೆ ಏರಿ ಮಿತಿ ದಾಟಿದರೂ ಆ ಆರು ತಿಂಗಳ ಅವಧಿ ಮುಗಿಯುವವರೆಗೆ ವಿಮೆ ಮುಂದುವರಿಯುತ್ತದೆ. ಆದರೆ ಈ 21,000ದ ಮಿತಿ 2017ರ ಜನವರಿಯಲ್ಲಿ ನಿಗದಿಯಾದದ್ದು. ಅಂದಿನಿಂದ ಅಕ್ಕಿಯ ಬೆಲೆ, ಮನೆ ಬಾಡಿಗೆ, ಕನಿಷ್ಠ ವೇತನ ಎಲ್ಲವೂ ಏರಿವೆ. ನಾಲ್ಕೈದು ನೂರು ರೂಪಾಯಿ ಸಂಬಳ ಹೆಚ್ಚಾಯಿತೆಂದು ಹಳೆಯ ಮೆಕ್ಯಾನಿಕ್‌ಗಳು, ಸೂಪರ್‌ವೈಸರ್‌ಗಳು ವಿಮೆಯಿಂದ ಹೊರಬೀಳುವುದನ್ನು ನಾನು ಕಂಡಿದ್ದೇನೆ. ಅದನ್ನು ಏರಿಸಲೇಬೇಕು.

ಕಾಯಿಲೆಯ ವಿಷಯಕ್ಕೆ ಬರುತ್ತೇನೆ. ಅವಧಿಯಲ್ಲಿ 78 ದಿನ ತುಂಬಿದ್ದರೆ ವರ್ಷಕ್ಕೆ 91 ದಿನದವರೆಗೆ ಸರಾಸರಿ ದಿನಗೂಲಿಯ ಶೇ 70 ಸಿಗುತ್ತದೆ. ಮೊದಲ ಎರಡು ದಿನಕ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಇಎಸ್‌ಐ ವೈದ್ಯರ ಸರ್ಟಿಫಿಕೇಟ್ ಬೇಕು. ಹೊಸದಾಗಿ ಸೇರಿದವರಿಗೆ ಚಿಕಿತ್ಸೆ ಮೊದಲ ದಿನದಿಂದ ಉಂಟು, ಈ ನಗದು ಸೇರಿ ಒಂಬತ್ತು ತಿಂಗಳು ಕಳೆದ ಮೇಲೆ.

ಇಲ್ಲಿ ನನಗೆ ಬಹಳ ಸಂಕಟ ತಂದದ್ದು ಕ್ಷಯ ರೋಗದ ವಿಷಯ. ಬಟ್ಟೆಯ ಧೂಳಿನ ನಡುವೆ, ಕಿಟಕಿ ತೆರೆಯದ ಹಾಲ್‌ಗಳಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಗಳಲ್ಲಿ ಬದುಕುವವರಿಗೆ ಅದು ದೂರದ ಕಾಯಿಲೆಯಲ್ಲ. ಲಗ್ಗೆರೆಯ ಕಡೆಯ ಹುಡುಗಿಯೊಬ್ಬಳು ಮಾತ್ರೆ ಶುರು ಮಾಡಿ ಮೂರನೇ ತಿಂಗಳಿಗೇ, ಕೆಮ್ಮು ಪೂರ್ತಿ ನಿಲ್ಲದಿದ್ದರೂ, ಮಿಷನ್ ಮುಂದೆ ಬಂದು ಕುಳಿತಳು. 91 ದಿನ ಮುಗಿದರೆ ಮುಂದೆ ಏನೂ ಇಲ್ಲ ಎಂದು ಅವಳಿಗೆ ಯಾರೋ ಹೇಳಿದ್ದರಂತೆ. ಕ್ಷಯ, ಕುಷ್ಠ, ಕ್ಯಾನ್ಸರ್, ದೀರ್ಘಕಾಲದ ಮೂತ್ರಪಿಂಡ ವೈಫಲ್ಯ ಮೊದಲಾದ 34 ಕಾಯಿಲೆಗಳಿಗೆ ಶೇ 80ರಷ್ಟು ಕೂಲಿ ಎರಡು ವರ್ಷದವರೆಗೂ ಕೊಡುವ ವಿಸ್ತರಿತ ಸೌಲಭ್ಯವಿದೆ. ಎರಡು ವರ್ಷದ ನಿರಂತರ ಸೇವೆ, ಹಿಂದಿನ ನಾಲ್ಕು ಅವಧಿಗಳಲ್ಲಿ ಒಟ್ಟು 156 ದಿನದ ಕಂತು ಇದ್ದರೆ ಸಾಕು. ಅವಳಿಗೆ ಎರಡೂ ಇದ್ದವು. ಅವಳ ಪಕ್ಕದ ಮಿಷನ್‌ಗಳಲ್ಲಿ ಕುಳಿತವರ ಆರೋಗ್ಯಕ್ಕೂ ಅವಳು ಮನೆಯಲ್ಲಿರುವುದು ಒಳ್ಳೆಯದಿತ್ತು. ವೈದ್ಯಕೀಯ ರಜೆಯಲ್ಲಿ ಇಎಸ್‌ಐ ಹಣ ಪಡೆಯುತ್ತಿರುವವರನ್ನು ಕೆಲಸದಿಂದ ತೆಗೆಯುವಂತಿಲ್ಲ ಎಂಬ ರಕ್ಷಣೆಯನ್ನೂ 1948ರ ಕಾಯ್ದೆ ಕೊಟ್ಟಿತ್ತು.

ಹೆರಿಗೆಗೆ ಇನ್ನೂ ಸುಲಭದ ಷರತ್ತು. ಹಿಂದಿನ ಎರಡು ಅವಧಿಗಳಲ್ಲಿ ಸೇರಿ 70 ದಿನದ ಕಂತು ಇದ್ದರೆ 26 ವಾರ ಪೂರ್ತಿ ಕೂಲಿ. ದಿನಕ್ಕೆ 500ರಂತೆ 182 ದಿನಕ್ಕೆ 91,000 ರೂಪಾಯಿ. ಎರಡು ಮಕ್ಕಳಿರುವವರಿಗೆ ಮೂರನೆಯದಕ್ಕೆ 12 ವಾರ. ಗರ್ಭ ನಷ್ಟವಾದರೆ 6 ವಾರ. ಬಸಿರಿನಿಂದಲೋ ಬಾಣಂತನದಿಂದಲೋ ಕಾಯಿಲೆಯಾದರೆ ಇನ್ನೊಂದು ತಿಂಗಳು. ಐದನೇ ತಿಂಗಳು ತುಂಬುತ್ತಿದ್ದಂತೆ ‘ಪ್ರೊಡಕ್ಷನ್ ಬರುತ್ತಿಲ್ಲ, ಬಿಟ್ಟು ಹೋಗು, ಹೆರಿಗೆ ಆದಮೇಲೆ ಬಾ’ ಎಂದು ಕೆಲವು ಸೂಪರ್‌ವೈಸರ್‌ಗಳು ಪೀಡಿಸುತ್ತಾರೆ. ಹಾಗೆ ಬಿಟ್ಟು ಬಂದ ಹೆಣ್ಣುಮಗಳು ಎಲ್ಲವೂ ಹೋಯಿತೆಂದೇ ತಿಳಿಯುತ್ತಾಳೆ. ತಾಯಂದಿರೇ, ದಯವಿಟ್ಟು ಗಮನಿಸಿ: ದಿನಗಳು ತುಂಬಿದ್ದರೆ ಕೆಲಸ ಬಿಟ್ಟ ಮಾತ್ರಕ್ಕೆ ಹೆರಿಗೆಯ ಹಕ್ಕು ಹೋಗುವುದಿಲ್ಲ. ಆ ಹಣ ಮಾಲೀಕರ ಜೇಬಿನದಲ್ಲ, ಇಎಸ್‌ಐ ನಡೆಸುವ ನಿಗಮದ್ದು. ಶಾಖಾ ಕಚೇರಿಗೆ ಹೋಗಿ ಕೇಳಿ.

ಕೆಲಸದಲ್ಲಿ ಆಗುವ ಗಾಯಕ್ಕೆ ದಿನಗಳ ಲೆಕ್ಕವೇ ಬೇಕಾಗಿಲ್ಲ. ಸೇರಿದ ಮೊದಲ ದಿನವೇ ಆದರೂ ಹಕ್ಕು ಇದೆ. ಗುಣವಾಗುವವರೆಗೆ ಶೇ 90ರಷ್ಟು ಕೂಲಿ. ಶಾಶ್ವತ ಊನವಾದರೆ ವೈದ್ಯಕೀಯ ಮಂಡಳಿ ದುಡಿಮೆಯ ಸಾಮರ್ಥ್ಯ ಎಷ್ಟು ಕಡಿಮೆಯಾಗಿದೆ ಎಂದು ಶೇಕಡಾ ಲೆಕ್ಕದಲ್ಲಿ ತೀರ್ಮಾನಿಸುತ್ತದೆ, ಅದರಂತೆ ಜೀವನಪೂರ್ತಿ ತಿಂಗಳು ತಿಂಗಳು ಹಣ. ನಮ್ಮ ಯಜಮಾನರು ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಟರ್ನರ್ ಆಗಿದ್ದವರು. ಪವರ್ ಪ್ರೆಸ್‌ನಲ್ಲಿ ಬೆರಳು ಕೊಟ್ಟವರನ್ನು ನಾನು ಅವರ ಜೊತೆಗಾರರಲ್ಲೇ ನೋಡಿದ್ದೇನೆ. ಹೆಬ್ಬೆರಳು ಪೂರ್ತಿ ಹೋದರೆ ಕಾಯ್ದೆಯ ಪಟ್ಟಿಯಲ್ಲಿ ಶೇ 30, ತೋರುಬೆರಳು ಪೂರ್ತಿ ಹೋದರೆ ಶೇ 14, ಒಂದು ಕೈಯ ನಾಲ್ಕು ಬೆರಳೂ ಹೋದರೆ ಶೇ 50. ದಿನಕ್ಕೆ 500 ಸಂಬಳದವನ ಶೇ 90 ಎಂದರೆ 450, ಅದರಲ್ಲಿ ಶೇ 14 ಎಂದರೆ 63 ರೂಪಾಯಿ. ತೋರುಬೆರಳಿಗೆ ದಿನಕ್ಕೆ 63 ರೂಪಾಯಿ, ತಿಂಗಳಿಗೆ 1,900ರ ಹತ್ತಿರ, ಬದುಕಿರುವವರೆಗೆ. ಇಪ್ಪತ್ತೈದನೇ ವಯಸ್ಸಿನಲ್ಲಿ ಬೆರಳು ಕಳೆದುಕೊಂಡ ಹುಡುಗನಿಗೆ ಇದು ಎಷ್ಟು ದೊಡ್ಡ ಮೊತ್ತವಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಆದರೆ ನಡೆಯುವುದೇನು? ಹತ್ತಿರದ ನರ್ಸಿಂಗ್ ಹೋಮ್‌ಗೆ ಕರೆದೊಯ್ದು ಹೊಲಿಗೆ ಹಾಕಿಸಿ, ಬಿಲ್ಲು ಕೊಟ್ಟು, ಕೈಗೆ ಹತ್ತು ಸಾವಿರ ಇಟ್ಟು, ‘ಮನೆಯಲ್ಲಿ ಬಿದ್ದು ಗಾಯವಾಯಿತು’ ಎಂದು ಬರೆಸಿಕೊಳ್ಳುವವರಿದ್ದಾರೆ. ಅಪಘಾತದ ಪುಸ್ತಕದಲ್ಲಿ ದಾಖಲಾಗುವುದಿಲ್ಲ, ಇಎಸ್‌ಐಗೆ ಅಪಘಾತದ ವರದಿ ಹೋಗುವುದಿಲ್ಲ. ಉಪಕಾರ ಮಾಡಿದರೆಂದು ಆ ಹುಡುಗ ಕೈ ಮುಗಿಯುತ್ತಾನೆ.

ಹನ್ನೆರಡು ಜನ ದುಡಿಯುವ ಶೆಡ್ಡಿನಲ್ಲಿ ಪುಸ್ತಕದ ಪ್ರಕಾರ ಒಂಬತ್ತೇ ಜನ ಇರುವುದೂ ಪೀಣ್ಯದಲ್ಲಿ ಕೆಲಸ ಮಾಡಿದವರಿಗೆ ಹೊಸದಲ್ಲ. ಅಂಥ ಕಡೆ ಗಾಯಗೊಂಡವರೂ ಸುಮ್ಮನಾಗಬಾರದು. ಮಾಲೀಕರು ಕಂತು ಕಟ್ಟದಿದ್ದರೂ ನಿಗಮವೇ ಕಾರ್ಮಿಕರಿಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲಿ ಮಾಡಲು 1948ರ ಕಾಯ್ದೆಯಲ್ಲಿಯೇ ದಾರಿ ಇತ್ತು. ಕೆಲಸಕ್ಕೆ ಬರುವ ದಾರಿಯಲ್ಲಿ, ಮನೆಗೆ ಹೋಗುವ ದಾರಿಯಲ್ಲಿ ಆಗುವ ಅಪಘಾತವೂ 2010ರ ತಿದ್ದುಪಡಿಯ ನಂತರ ಕೆಲಸದ ಗಾಯವೆಂದೇ ಪರಿಗಣನೆಯಾಗುತ್ತದೆ, ಕೆಲಸಕ್ಕೂ ಅಪಘಾತಕ್ಕೂ ಸಂಬಂಧ ತೋರಿಸಬೇಕಷ್ಟೆ. ಮಾಗಡಿ, ನೆಲಮಂಗಲ, ರಾಮನಗರ ಕಡೆಯಿಂದ ಬೆಳಗಿನ ಕತ್ತಲಲ್ಲೇ ಟೆಂಪೊ ಹತ್ತುವವರು ಇದನ್ನು ನೆನಪಿಡಬೇಕು. ಪ್ರಾಣವೇ ಹೋದರೆ ಅವಲಂಬಿತರಿಗೆ ಶೇ 90ರಷ್ಟು ಕೂಲಿಯ ಲೆಕ್ಕದಲ್ಲಿ ತಿಂಗಳು ತಿಂಗಳು ಬರುತ್ತದೆ. ಹೆಂಡತಿಗೆ ಐದರಲ್ಲಿ ಮೂರು ಪಾಲು, ಮಕ್ಕಳಿಗೆ ತಲಾ ಐದರಲ್ಲಿ ಎರಡು ಪಾಲು, ಒಟ್ಟು ಮೊತ್ತ ಮೀರಿದರೆ ಎಲ್ಲರ ಪಾಲೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಅಂತ್ಯಕ್ರಿಯೆಗೆ 15,000 ರೂಪಾಯಿ ಬೇರೆ.

ಇಎಸ್‌ಐ ಅಲ್ಲದ ಇನ್ನೊಂದು ವಿಮೆಯನ್ನೂ ಹೇಳದೆ ಬಿಡಲಾರೆ. ಪಿಎಫ್ ಇರುವ ಪ್ರತಿಯೊಬ್ಬರಿಗೂ 1976ರಿಂದ ಇಡಿಎಲ್‌ಐ ಎಂಬ ಜೀವ ವಿಮೆ ಇದೆ. ಇದಕ್ಕೆ ಕಾರ್ಮಿಕರಿಂದ ಒಂದು ರೂಪಾಯಿಯೂ ಹಿಡಿಯುವುದಿಲ್ಲ, ಮಾಲೀಕರೇ ಶೇ 0.5 ಕಟ್ಟುತ್ತಾರೆ. ಸೇವೆಯಲ್ಲಿರುವಾಗ ಯಾವ ಕಾರಣದಿಂದ ಸತ್ತರೂ, ಮನೆಯಲ್ಲಿ ಹೃದಯಾಘಾತವಾದರೂ, ವಾರಸುದಾರರಿಗೆ 7 ಲಕ್ಷ ರೂಪಾಯಿವರೆಗೆ ಬರುತ್ತದೆ. ಹನ್ನೆರಡು ತಿಂಗಳ ಸರಾಸರಿ ಸಂಬಳದ 35 ಪಟ್ಟು, ಅದರ ಜೊತೆಗೆ ಪಿಎಫ್ ಖಾತೆಯ ಸರಾಸರಿ ಮೊತ್ತದ ಅರ್ಧ. ಸಂಬಳವನ್ನು 15,000ಕ್ಕೆ, ಅರ್ಧದ ಭಾಗವನ್ನು 1.75 ಲಕ್ಷಕ್ಕೆ ಮಿತಿಗೊಳಿಸಿದ್ದಾರೆ. ಒಂದು ವರ್ಷ ನಿರಂತರ ಸೇವೆಯಿದ್ದರೆ ಕನಿಷ್ಠ ಎರಡೂವರೆ ಲಕ್ಷ. ಗಂಡನ ಪಿಎಫ್ ಹಣ ಪಡೆದು, ಪಿಂಚಣಿಗೂ ಅರ್ಜಿ ಹಾಕಿ, ಈ ಮೂರನೆಯದನ್ನು ಕೇಳದೇ ಉಳಿದ ವಿಧವೆಯೊಬ್ಬರು ನಮ್ಮ ಬೀದಿಯಲ್ಲೇ ಇದ್ದರು. ಅವರಿಗೆ ಅರ್ಜಿ ಬರೆದುಕೊಟ್ಟು ಹಾಕಿಸಿದೆವು, ಹಣ ಬಂತು. ಅವರಂತೆ ಕೇಳದೇ ಇರುವವರು ಇನ್ನೆಷ್ಟೋ.

ಈಗ ನನ್ನ ಬೇಡಿಕೆ. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿಯೇ ಸರ್ಕಾರಿ ನೌಕರರಿಗೆ ಜೀವ ವಿಮೆ ಶುರುವಾಯಿತು. ಇಂದಿನ ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ, ಅದರ ಮುಂದುವರಿಕೆ. ಸರ್ಕಾರಿ ನೌಕರರ ಕೈಯಲ್ಲಿ ಪಾಲಿಸಿ ಪತ್ರವಿರುತ್ತದೆ, ಎಷ್ಟು ಮೊತ್ತ, ಯಾವಾಗ ಬರುತ್ತದೆ ಎಂದು ಅದರಲ್ಲಿ ಬರೆದಿರುತ್ತದೆ. ಕಾರ್ಖಾನೆಯ ಹೆಣ್ಣುಮಗಳ ಕೈಯಲ್ಲಿ ಇರುವುದು ಒಂದು ಸಂಖ್ಯೆ ಮಾತ್ರ. ವಿಮಾದಾರರು ನಿಗಮದ ಜಾಲತಾಣದಲ್ಲಿ ತಮ್ಮ ಕಂತಿನ ವಿವರ ನೋಡಿಕೊಳ್ಳಬಹುದು ಎಂದು ಅಧಿಕಾರಿಗಳು ಹೇಳುತ್ತಾರೆ. ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ ಮಾಡಿಟ್ಟು, ಸಂಜೆ ಏಳಕ್ಕೆ ಮನೆ ಸೇರುವವಳಿಗೆ, ಹಳೆಯ ಮೊಬೈಲ್ ಸಂಖ್ಯೆ ಕಳೆದುಹೋಗಿ ಒಟಿಪಿ ಬಾರದವಳಿಗೆ, ಆ ಉತ್ತರ ಸಾಲದು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1948ರ ಇಎಸ್‌ಐ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸುವ ಅಪಾಯಕಾರಿ ಕೆಲಸಗಳಲ್ಲಿ ಒಬ್ಬರೇ ಕಾರ್ಮಿಕರಿದ್ದರೂ ವಿಮೆ ಅನ್ವಯವಾಗುತ್ತದೆ ಎಂದು ಅದರಲ್ಲಿದೆ. ಪೀಣ್ಯದ ಪ್ರೆಸ್ ಶಾಪ್‌ಗಳು ಆ ಅಧಿಸೂಚನೆಯಲ್ಲಿ ಬರಬೇಕು ಎಂದು ನಾನು ಆಗ್ರಹಿಸುತ್ತೇನೆ. ವೇತನ ಸಂಹಿತೆಯ ಪ್ರಕಾರ ಪ್ರತಿ ಮಾಲೀಕರೂ ಕಾರ್ಮಿಕರಿಗೆ ವೇತನ ಚೀಟಿ ಕೊಡಲೇಬೇಕು. ಆ ಚೀಟಿಯ ನಮೂನೆಗೆ ಎರಡು ಸಾಲು ಸೇರಿಸಲು ರಾಜ್ಯದ ಕಾರ್ಮಿಕ ಇಲಾಖೆ ಮುಂದಾಗಲಿ: ಈ ಅವಧಿಯಲ್ಲಿ ಇದುವರೆಗೆ ಬಿದ್ದಿರುವ ಇಎಸ್‌ಐ ದಿನಗಳು ಎಷ್ಟು, 78ಕ್ಕೆ ಇನ್ನು ಎಷ್ಟು ಬಾಕಿ. ಕನ್ನಡದಲ್ಲಿ. ಟೈಮ್ ಆಫೀಸಿಗೆ ಇದರಿಂದ ಹೊಸ ಹೊರೆಯೇನೂ ಇಲ್ಲ. ಆ ಅಂಕಿ ಕಂಪ್ಯೂಟರಿನಲ್ಲಿ ಆಗಲೇ ಇರುತ್ತದೆ, ತಿಂಗಳು ತಿಂಗಳು ನಿಗಮಕ್ಕೆ ಹೋಗುತ್ತಲೂ ಇದೆ. ಕಾರ್ಮಿಕರಿಗೂ ತಿಳಿಯಲಿ ಎನ್ನುವುದಷ್ಟೇ ನನ್ನ ಕೋರಿಕೆ. ಯಾರಾದರೂ ಕೆಲಸದಿಂದ ಹೋಗುವಾಗ ನಿಗಮಕ್ಕೆ ಕಳಿಸಿದ ಕಾರಣದ ಸಂಕೇತವನ್ನೂ ಅವರ ಕೊನೆಯ ವೇತನ ಚೀಟಿಯಲ್ಲಿ ಬರೆದುಕೊಡುವುದು ಕಡ್ಡಾಯವಾಗಲಿ. ಒಂದು ಕಾರ್ಖಾನೆಯಲ್ಲಿ ಒಂದೇ ತಿಂಗಳು ನೂರಾರು ಜನ ‘ಸ್ವಂತ ಕಾರಣ’ದಿಂದ ಬಿಟ್ಟುಹೋದರು ಎಂಬ ಪಟ್ಟಿ ಬಂದರೆ, ನಿಗಮದವರೂ ಕಾರ್ಮಿಕ ಇಲಾಖೆಯವರೂ ಅದನ್ನು ಹಾಗೆಯೇ ಒಪ್ಪಿಕೊಳ್ಳದೆ ಸ್ಥಳಕ್ಕೆ ಬಂದು ವಿಚಾರಿಸಲಿ.

ಪಿಎಫ್ ಹಣ ಹಿಂಪಡೆಯುವ ನಿಯಮ ಬಿಗಿ ಮಾಡಿದ್ದಕ್ಕೆ 2016ರ ಏಪ್ರಿಲ್‌ನಲ್ಲಿ ಇದೇ ಹೆಣ್ಣುಮಕ್ಕಳು ಹೊಸೂರು ರಸ್ತೆಯಲ್ಲಿ, ಪೀಣ್ಯ ಸುತ್ತಮುತ್ತ ಬೀದಿಗಿಳಿದರು. ಯಾರೂ ಕರೆದಿರಲಿಲ್ಲ. ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸ್ ಪಡೆಯಿತು. ಪಿಎಫ್‌ನಲ್ಲಿ ತಮ್ಮದು ಎಷ್ಟಿದೆ ಎಂದು ಅವರಿಗೆ ಗೊತ್ತಿತ್ತು, ಅದಕ್ಕೇ ಎದ್ದು ನಿಂತರು. ಇಎಸ್‌ಐನಲ್ಲಿ ಏನಿದೆ ಎಂದು ಅವರಿಗೆ ಯಾರೂ ಹೇಳಿಲ್ಲ.

ಸಂಪಾದಕರೇ, ನಿಮ್ಮ ಪತ್ರಿಕೆ ಚಿನ್ನದ ದರವನ್ನು ದಿನವೂ ಅಚ್ಚು ಹಾಕುತ್ತದೆ. ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ ಮೊದಲ ಭಾನುವಾರ, ಇಎಸ್‌ಐ ಅವಧಿ ಮುಗಿಯುವುದಕ್ಕೆ ಮುಂಚೆ, ‘ನಿಮ್ಮ 78 ದಿನ ತುಂಬಿದೆಯೇ?’ ಎಂಬ ಚಿಕ್ಕ ಚೌಕಟ್ಟೊಂದನ್ನು ಒಳಪುಟದಲ್ಲಾದರೂ ಹಾಕಿಕೊಡಿ. ಅದನ್ನು ಕತ್ತರಿಸಿ ನಮ್ಮ ಬೀದಿಯ ಅಂಗಡಿಗಳಲ್ಲಿ, ಟೆಂಪೊ ನಿಲ್ಲುವ ಜಾಗದಲ್ಲಿ ಅಂಟಿಸುವ ಕೆಲಸ ನಮ್ಮದು. ರಾಜೀನಾಮೆಯ ಹಾಳೆಗೆ ಸಹಿ ಹಾಕುವ ಮುನ್ನ ಒಂದು ದಿನ ಕೇಳಿ ಪಡೆದು, ಸಂಘದವರಿಗೋ ಕಾರ್ಮಿಕ ಇಲಾಖೆಯ ಕಚೇರಿಗೋ ತೋರಿಸಿ ಎಂಬ ಒಂದು ಸಾಲನ್ನೂ ಅದರ ಕೆಳಗೆ ಸೇರಿಸಿದರೆ ದೊಡ್ಡ ಉಪಕಾರವಾಗುತ್ತದೆ.

ಇಂತಿ,
ನಿವೃತ್ತ ಟೈಮ್ ಆಫೀಸ್ ಗುಮಾಸ್ತೆ,
ಹೆಗ್ಗನಹಳ್ಳಿ, ಬೆಂಗಳೂರು